ವಾಡಿಕೆಗಿಂತ ಹೆಚ್ಚು ಕೆಮ್ಮು

ರಾಕ್‌ರಿಜ್ ಸ್ಟೇಷನ್ ದಾಟಿದ ಬಾರ್ಟ್ ರೈಲು ಗುಡ್ಡದ ಹೊಟ್ಟೆಯೊಳಗಿನ ಸುರಂಗಕ್ಕೆ ನುಗ್ಗಿ ಕಿರುಚತೊಡಗಿದ ಮೇಲೆ ಶಿವಪ್ರಸಾದ ಗಂಟಲು ಸರಿಮಾಡಿಕೊಂಡ. ತನ್ನ ಗಂಟಲನ್ನಲ್ಲ, ಆಫೀಸಿನ ಹಿರಿಯ ಲೀಲಾಧರರ ಗಂಟಲನ್ನು. ತಿಂಗಳಿಗೊಂದು ಗುರುವಾರ ಅವನು ಪೆಸಿಫಿಕ್ ಸಾಗರದ ನಟ್ಟನಡುವಿನ ಲೊಮಾಟು ಎಂಬ ದ್ವೀಪದ ರೇಡಿಯೋಗೆ ಫೋನಿನಲ್ಲಿ ಮುಂದಿನ ಮೂರು ತಿಂಗಳ ಮಳೆಯ ಮುನ್ನೋಟ ಓದಬೇಕಾಗಿತ್ತು. ಓದುವುದನ್ನು ಲೀಲಾಧರರ ದನಿಯಲ್ಲಿ ಓದಬೇಕಾಗಿತ್ತು. ಆ ದನಿಯ ತಾಲೀಮಿಗೆ ಇಡೀ ಬೇ ಏರಿಯಾದಲ್ಲಿ ಈ ಸುರಂಗದಷ್ಟು ಏಕಾಂತದ ಜಾಗ ಇನ್ನೊಂದಿರಲಿಲ್ಲ. ಗಾಲಿಗಳ ಕಿರುಚಾಟದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೇಳಿದರೂ ಚಿಂತೆಯಿಲ್ಲ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವನನ್ನು ಬಾರ್ಟಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಡಬ್ಬಿಗೊಬ್ಬ ಇದ್ದೇ ಇರುತ್ತಾನೆ. ಇವತ್ತು ಈ ಡಬ್ಬಿಯಲ್ಲಿ ಇಬ್ಬರಿದ್ದರು. ಎದುರಿನ ಸೀಟಿನಲ್ಲಿ ಕಂಬಳಿ ಹೊದ್ದು ಯಾರನ್ನೋ ಬೈಯುತ್ತಿದ್ದ ಗಡ್ಡದವನು ಶಿವಪ್ರಸಾದನ ಕೆಮ್ಮು ಕೇಳಿ ತನ್ನ ಬೈಗುಳ ನಿಲ್ಲಿಸಿ, ಅವನನ್ನು ಮೇಲಿಂದ ಕೆಳಗೆ ನೋಡಿ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹಳಬನು ಜಾಗ ಬಿಡುವ ಹಾಗೆ ತನ್ನ ಚೀಲವನ್ನು ಪಕ್ಕಕ್ಕೆ ಸರಿಸಿದ. ಶಿವಪ್ರಸಾದನಿಗೆ ಮುಖ ಬಿಸಿಯಾಯಿತು. ಆದರೂ ಕೆಮ್ಮಿದ. ಕೆಮ್ಮು ಇನ್ನೂ ಹದಕ್ಕೆ ಬಂದಿರಲಿಲ್ಲ. ಲೀಲಾಧರರ ಕೆಮ್ಮು ರೋಗದ ಕೆಮ್ಮಲ್ಲ. ಬಾಗಿಲು ತಟ್ಟುವ ಮೊದಲು ಮರ್ಯಾದಸ್ಥರು ಅಂಗಳದಲ್ಲಿ ನಿಂತು ಮಾಡುವ ಸದ್ದು ಅದು. ಮೊದಲು ಒಂದು ಸಣ್ಣ ಖ್ಹು, ಅದರ ಹಿಂದೆಯೇ ಜಾರಿ ಬೀಳುವ ಒಂದು ಹುಂ. ಖ್ಹು ಎಲ್ಲರಿಗೂ ಬಂದೀತು. ಹುಂ ಎನ್ನುವುದರಲ್ಲಿ ಉಡುಪಿ ಇತ್ತು.

ಕಂಠಪಾಠ ಎಂದರೆ ಇದೇ ಇರಬೇಕು ಎಂದುಕೊಂಡು ಅವನು ಒಬ್ಬನೇ ನಕ್ಕ, ಗಡ್ಡದವನೂ ನಕ್ಕ. ಬೆಳಿಗ್ಗೆ ಮಿಲ್ಪಿಟಾಸಿನ ಮನೆಯಲ್ಲಿ ಹಲ್ಲುಜ್ಜುತ್ತ ಇದೇ ಹುಂ ಹುಡುಕುತ್ತಿದ್ದಾಗ ಸ್ನೇಹಲ್ ಬಚ್ಚಲ ಬಾಗಿಲ ಹೊರಗೆ ನಿಂತು, ನಮ್ಮ ಮನಿಯವರು ಒಳಗದಾರೋ, ಮಂಗಳೂರು ಕಡೆಯವರು ಯಾರರ ಬಂದಾರೋ ಎಂದು ಕೇಳಿದ್ದಳು. ಮದುವೆಯಾದ ಹೊಸದರಲ್ಲಿ ಅವಳನ್ನು ನಗಿಸುವುದಕ್ಕೆಂದು ಅವನು ಅವಳ ಸೋದರಮಾವನ ದನಿ, ಹುಬ್ಬಳ್ಳಿಯ ಕಾಲೇಜಿನ ಪ್ರಿನ್ಸಿಪಾಲರ ದನಿ, ಕಲ್ಯಾಣಮಂಟಪದ ಮ್ಯಾನೇಜರನ ದನಿ ಎಲ್ಲ ತೆಗೆಯುತ್ತಿದ್ದ. ನಕ್ಕು ನಕ್ಕು ಸಾಕಾದ ಅವಳು ಒಂದು ದಿನ ಕಣ್ಣೊರೆಸಿಕೊಳ್ಳುತ್ತ, ಇನ್ನ ನಿಮ್ಮ ದನೀಲೆ ಒಂದೀಟು ಮಾತಾಡ್ರಲ್ಲ, ಎಂದಾಗ ಏನೋ ಹೇಳಹೋಗಿ ಸುಮ್ಮನಾಗಿದ್ದ. ಆಗ ಹೊರಬರಲಿದ್ದದ್ದು ಅವನ ಅಪ್ಪನ ದನಿಯಾಗಿತ್ತು. ಮಗಳು ಸುರಕ್ಷಾ ಈಗ ತಿಂಡಿಗೆ ಕೂತಾಗ ಸೀರಿಯಲ್ಲಿನ ಬಟ್ಟಲಿನಿಂದ ತಲೆಯೆತ್ತದೆ, ಅಪ್ಪಾ, ಹೂ ಆರ್ ಯೂ ಟುಡೇ, ಎಂದು ಕೇಳುತ್ತಾಳೆ, ಹೊರಗೆ ಬಿಸಿಲಿದೆಯೋ ಮೋಡವೋ ಎಂದು ಕೇಳುವ ಹಾಗೆ.

ಆಫೀಸಿನಲ್ಲಿ ಇದು ಶುರುವಾದದ್ದು ಯುಗಾದಿ ಪಾರ್ಟಿಯಲ್ಲಿ. ಒಬ್ಬಟ್ಟು ತಿಂದು ಕೈ ತೊಳೆಯುವ ಹೊತ್ತಿಗೆ ಮ್ಯಾನೇಜರ್ ಮಾಧುರಿ ಒತ್ತಾಯಿಸಿದಳೆಂದು ಅವನು ಲೀಲಾಧರರ ಎದುರೇ ಲೀಲಾಧರರಾಗಿ ಮಳೆಯ ಮುನ್ನೋಟ ಓದಿದ್ದ, ಕೆಮ್ಮು ಸಮೇತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಲೀಲಾಧರರೂ ನಕ್ಕರು, ಬಾಯಿ ನಕ್ಕಿತು, ಕಣ್ಣು ಮಾತ್ರ ಇವನ ಗಂಟಲನ್ನೇ ನೋಡುತ್ತಿತ್ತು, ತನ್ನ ಮನೆಯ ಪಾತ್ರೆಯನ್ನು ಪಕ್ಕದ ಮನೆಯ ಅಡುಗೆಕಟ್ಟೆಯ ಮೇಲೆ ಕಂಡವರ ಹಾಗೆ. ಆಮೇಲೆ ಥೈರಾಯ್ಡಿನ ಗಂಟು ತೆಗೆಯುವ ಆಪರೇಷನ್ನಿನಲ್ಲಿ ಯಾವುದೋ ನರ ಸೋತು ಅವರ ದನಿ ಬರೀ ಗಾಳಿಯಾಗಿ ಹೋಯಿತು. ಆ ತಿಂಗಳ ಗುರುವಾರ ಬಂದೇಬಿಟ್ಟಿತು. ಲೊಮಾಟುವಿನವರು ಲೀಲಾಧರರ ಬಾಯಿಂದಲ್ಲದೆ ಬೇರೆಯವರಿಂದ ಮಳೆ ಕೇಳಿದವರೇ ಅಲ್ಲ. ಫ್ಯಾಕ್ಸೂ ಸರಿಯಾಗಿ ತಲುಪದ ಕಾಲದಿಂದ ಅವರೇ ಫೋನಿನಲ್ಲಿ ಓದಿಕೊಂಡು ಬಂದದ್ದು, ಅಲ್ಲಿ ಎಷ್ಟೋ ಹುಡುಗರಿಗೆ ಲೀಲಾ ಎಂದು ಹೆಸರಿತ್ತು. ಒಂದೇ ಒಂದು ಸಲ ಶಿವು, ಎಂದಳು ಮಾಧುರಿ. ಒಂದು ಸಲ ಆಯಿತು. ಮಿಸ್ಟರ್ ಲೀಲಾ ಹುಷಾರಾದರೆಂದು ಕೇಳಿ ಸಂತೋಷವಾಯಿತು, ದನಿಗೆ ಪ್ರಾಯ ಬಂದಿದೆ ಎಂದು ಅಲ್ಲಿಂದ ಸಂದೇಶ ಬಂತು. ಇನ್ನೊಂದು ಸಲ ಆಯಿತು. ಈಗ ವರ್ಷ ಕಳೆದು, ಆ ಹವಾಮಾನ ಕಂಪನಿಯಲ್ಲಿ ಅವನಿಗೆ ಹವಾ ಇತ್ತು, ಮಾನ ಇರಲಿಲ್ಲ.

ಲೀಲಾಧರರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಆದರೆ ಲೊಮಾಟುವಿನ ರೇಡಿಯೋ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಮತ್ತು ದನಿ ಹೋದ ಮನುಷ್ಯನಿಗೆ ಮಿಲ್ಪಿಟಾಸಿನ ಟೌನ್‌ಹೌಸಿನಲ್ಲಿ ಮಧ್ಯಾಹ್ನ ಕಳೆಯಲು ಬೇರೆ ಏನಿದೆ. ಅವರು ತಮ್ಮನ್ನು ತಾವೇ ಕೇಳಿಸಿಕೊಳ್ಳುತ್ತ ಕೂತಿರುವ ಚಿತ್ರ ಶಿವಪ್ರಸಾದನಿಗೆ ಸ್ನಾನದಲ್ಲಿ, ಫ್ರೀವೇಯ ಟ್ರಾಫಿಕ್ಕಿನಲ್ಲಿ, ಒಮ್ಮೊಮ್ಮೆ ಊಟದ ನಡುವೆಯೂ ಬರುತ್ತಿತ್ತು. ಅವನು ಅವರ ಮನೆಗೆ ಹೋಗುವುದು ಬಿಟ್ಟಿದ್ದ. ಹೋದ ತಿಂಗಳು ಇಂಡಿಯನ್ ಗ್ರೋಸರಿಯಲ್ಲಿ ಕರಿಬೇವಿನ ಹತ್ತಿರ ಲೀಲಾಧರರ ಹೆಂಡತಿ ವಸಂತಿ ನಿಂತದ್ದು ಕಂಡು, ಸೋನಾ ಮಸೂರಿ ಚೀಲಗಳ ಹಿಂದೆ ಬಗ್ಗಿ ಕುಳಿತಿದ್ದ. ಅಂಗಡಿಯವನು ಬಂದು ಏನು ಬೇಕೆಂದು ಕೇಳಿದಾಗ ತನ್ನ ಗುರುತು ಹತ್ತದಿರಲೆಂದು ಪ್ರಿನ್ಸಿಪಾಲರ ದನಿಯಲ್ಲಿ ಅಕ್ಕಿ ಎಂದಿದ್ದ. ಮನೆಗೆ ಹೊತ್ತು ತಂದ ಆ ಅಕ್ಕಿ ಇನ್ನೂ ಮುಗಿದಿಲ್ಲ.

ರೈಲು ಸುರಂಗದಿಂದ ಹೊರಬಿದ್ದು ಒಣಹುಲ್ಲಿನ ಗುಡ್ಡಗಳ ನಡುವಿನ ಬೆಳಕಿಗೆ ಬಂತು. ವಾಲ್ನಟ್ ಕ್ರೀಕಿನಲ್ಲಿ ಇಳಿಯುವಾಗ ಗಡ್ಡದವನು ಕೈಯೆತ್ತಿ ಬೀಳ್ಕೊಟ್ಟ.

ಆಫೀಸಿನ ಮೀಟಿಂಗು ಎಂದರೆ ಮುನ್ನೋಟವನ್ನು ಹದಗೊಳಿಸುವ ಅಡುಗೆಮನೆ. ಮಳೆಗೆ ಮೂರು ಖಾನೆ: ವಾಡಿಕೆಗಿಂತ ಕಡಿಮೆ, ವಾಡಿಕೆ, ವಾಡಿಕೆಗಿಂತ ಹೆಚ್ಚು. ಯಾವ ಖಾನೆಗೆ ನೂರರಲ್ಲಿ ಎಷ್ಟು ಪಾಲು ಎಂದು ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಹೇಳಬೇಕು, ಮಾಧುರಿ ಅವನ್ನೆಲ್ಲ ಕಲಸಿ ಸರಾಸರಿ ತೆಗೆಯಬೇಕು. ಸರಾಸರಿಯ ಗುಣವೇ ಹಾಗೆ, ಎಲ್ಲರದೂ ಸರಿಯಾಗಿ ಯಾವುದೂ ಸರಿಯಾಗಿರುವುದಿಲ್ಲ. ಪ್ರತಿ ಸಲವೂ ಅದು ತಿರುಗಿ ತಿರುಗಿ ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತಮೂರಕ್ಕೇ ಬಂದು ನಿಲ್ಲುತ್ತಿತ್ತು. ಬೆಳಗಾನ ಕಂಪ್ಯೂಟರು ಮಾಡೆಲುಗಳ ಜೊತೆ ಒದ್ದಾಡುವ ಗುರುಕಿರಣ ಇವತ್ತು ಮೊದಲು ಬಾಯಿಬಿಟ್ಟ. ಸಮುದ್ರದ ಬಿಸಿನೀರು ಲೊಮಾಟುವನ್ನು ಬಿಟ್ಟು ಪೂರ್ವಕ್ಕೆ ಸರಿದಿದೆ, ಮೋಡಗಳು ಅದರ ಹಿಂದೆ ಹೊರಟಿವೆ, ಇರುವ ಮಾಡೆಲುಗಳೆಲ್ಲ ಒಂದೇ ಮಾತು ಹೇಳುತ್ತಿವೆ: ಈ ಸಲ ಕಡಿಮೆ, ತೀರಾ ಕಡಿಮೆ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ತೋಡಿದರೆ ಉಪ್ಪುನೀರು. ಮನೆಯ ತಗಡಿನ ಮೇಲೆ ಬಿದ್ದು ಟ್ಯಾಂಕಿಗೆ ಇಳಿದದ್ದೇ ನೀರು. ಹಿಂದೊಮ್ಮೆ ಹೀಗೇ ಆದಾಗ ಶಾಲೆ ಮುಚ್ಚಿ ಮಕ್ಕಳನ್ನು ಹಡಗಿನಲ್ಲಿ ಬೇರೆ ದ್ವೀಪಕ್ಕೆ ಸಾಗಿಸಿದ್ದರು. ಗುರುಕಿರಣ ಕಡಿಮೆಗೆ ಎಪ್ಪತ್ತು ಎಂದ. ಶಿವಪ್ರಸಾದನೂ ಎಪ್ಪತ್ತು ಎಂದ.

ಮಾಧುರಿ ಬರೆದುಕೊಂಡು ಮತ್ತೆ ಅವನ ಕಡೆಗೇ ತಿರುಗಿ, ಲೀಲಾಧರ ಸರ್ ಏನಂತಾರೆ, ಎಂದಳು. ಇದೂ ಒಂದು ದಿನ ತಮಾಷೆಗೆಂದು ಶುರುವಾಗಿ ಈಗ ಪದ್ಧತಿಯಾಗಿತ್ತು. ಲೀಲಾಧರರ ಹೆಸರು ಇನ್ನೂ ಕಂಪನಿಯ ಪಟ್ಟಿಯಲ್ಲಿತ್ತು, ಅವರ ಕುರ್ಚಿ ಮೇಜಿನ ಬಳಿಯಿತ್ತು, ಆದ್ದರಿಂದ ಅವರಿಗೂ ಒಂದು ಅಭಿಪ್ರಾಯ ಇರಲೇಬೇಕು. ಶಿವಪ್ರಸಾದ ಆ ಖಾಲಿ ಕುರ್ಚಿಯನ್ನು ನೋಡಿದ. ಲೀಲಾಧರರು ಈ ಮೇಜಿನಲ್ಲಿ ಇಷ್ಟು ವರ್ಷ ಏನು ಹೇಳುತ್ತಿದ್ದರು ಎಂಬುದು ಅವನಿಗೆ ಗೊತ್ತು, ಅನುಕರಣೆಗೂ ಒಂದು ಅಂತಃಕರಣ ಇರುತ್ತದೆ, ಸುಳ್ಳು ಹೇಳಲು ಬಿಡುವುದಿಲ್ಲ. ಅವನ ಬಾಯಿ ತಾನಾಗಿ ತೆರೆದು, ವಾಡಿಕೆಯೇ ಇರ್ಲಿ ಮಾರಾಯ್ರೆ, ಯಾರಿಗೆ ಬೇಕು ಸುಮ್ಮನೆ ತಲೆಬಿಸಿ, ಎಂದಿತು. ಗುರುಕಿರಣ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಶಿವಪ್ರಸಾದನ ಎಪ್ಪತ್ತನ್ನು ಶಿವಪ್ರಸಾದನೇ ಕೆಡವಿದ್ದ. ಮಾಧುರಿ ಲೀಲಾಧರರ ಅನುಭವಕ್ಕೆ ಹೆಚ್ಚಿನ ತೂಕ ಕೊಟ್ಟು, ಆಫೀಸಿನ ಹಳೆಯ ಅಂಕಿಗೂ ಒಂದು ಪಾಲಿಟ್ಟು, ಎಲ್ಲವನ್ನೂ ದುಂಡಗೆ ಮಾಡಿ, ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತಮೂರು ಎಂದು ಬೋರ್ಡಿನ ಮೇಲೆ ಬರೆದಳು.

ಇದು ತಪ್ಪು ಎಂದು ಅವನು ತನ್ನ ದನಿಯಲ್ಲೇ ಅಂದ. ಅದು ತೀರಾ ಮೆತ್ತಗೆ ಬಂತು, ಯಾರೋ ಪಕ್ಕದ ಕೋಣೆಯಲ್ಲಿ ಅಂದ ಹಾಗೆ. ಮಾಧುರಿಗೆ ಕೇಳಿಸಿತು. ಅವಳು ಕೆಟ್ಟವಳಲ್ಲ, ತಾಳ್ಮೆಯವಳು.

"ನೋಡಿ ಶಿವು, ಡ್ರೈ ಅಂತ ಹೇಳಿ ಮಳೆ ಬಂತು ಅಂತಿಟ್ಕೊಳ್ಳಿ, ನಮ್ಮನ್ನ ಬೈತಾರೆ. ಮಳೆ ಅಂತ ಹೇಳಿ ಬರ್ಲಿಲ್ಲ ಅಂದ್ರೂ ಬೈತಾರೆ. ಮೂರೂ ಸಮ ಅಂದ್ಬಿಟ್ರೆ ಏನೇ ಆದ್ರೂ ನಾವು ಹೇಳಿದ್ದೇ ಆಗಿರತ್ತೆ. ನಂಬರ್ ಓದಿ, ಫೋನ್ ಇಡಿ. ಮೇಲೆ ಒಂದು ಮಾತೂ ಬೇಡ."

ಲೊಮಾಟುವಿನಲ್ಲಿ ಆಗಲೇ ನಾಳೆ. ಇಲ್ಲಿ ಗುರುವಾರ ಮಧ್ಯಾಹ್ನವಾದರೆ ಅಲ್ಲಿ ಶುಕ್ರವಾರ ಬೆಳಿಗ್ಗೆ. ನಾಳೆಯೊಳಗೆ ಕೂತು ಚಹಾ ಕುಡಿಯುತ್ತಿರುವವರಿಗೆ ಇವತ್ತಿನಲ್ಲಿರುವ ತಾನು ಮುಂದಾಗುವುದನ್ನು ಹೇಳಬೇಕು ಎನ್ನುವುದು ಪ್ರತಿ ಸಲ ಡಯಲ್ ಮಾಡುವಾಗಲೂ ಅವನಿಗೆ ವಿಚಿತ್ರವೆನ್ನಿಸುತ್ತಿತ್ತು, ಊಟ ಮುಗಿಸಿ ಎದ್ದವರಿಗೆ ಇವತ್ತು ಏನಡುಗೆ ಎಂದು ಹೇಳಿದ ಹಾಗೆ. ಅವನು ಸಣ್ಣ ಕೋಣೆಯ ಗಾಜಿನ ಬಾಗಿಲು ಹಾಕಿಕೊಂಡು ಆಫೀಸಿನ ಫೋನು ಹಿಡಿದ. ಆ ಕಡೆ ಲೋಸಾ. ದ್ವೀಪದ ರೇಡಿಯೋ ನಡೆಸುವವಳು. ಅವಳ ಇಂಗ್ಲಿಷಿನಲ್ಲಿ ಯಾವಾಗಲೂ ಒಂದು ನಗು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿತ್ತು. ಕಾರ್ಯಕ್ರಮ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವನು ಲೀಲಾಧರರಾಗಿ ಕುಶಲ ಕೇಳಿದ, ಅಭ್ಯಾಸದಿಂದ ಒಮ್ಮೆ ಕೆಮ್ಮಿದ. ಲೋಸಾ ನಿಟ್ಟುಸಿರುಬಿಟ್ಟು, ಇನ್ನೂ ವಾಸಿಯಾಗಿಲ್ಲವೇ ಎಂದು ಕೇಳಿದಳು. ಯಾವುದು ಎಂದ. ಶೀತ, ಎಂದಳು. ನಿಮಗೆ ಶೀತ ಎಂದು ಈಗ ಇಡೀ ದ್ವೀಪಕ್ಕೆ ಗೊತ್ತು, ಮೊದಲೇ ತಿಳಿಸಿದ್ದರೆ ನಮಗೆ ಈ ವರ್ಷ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಅವನಿಗೆ ಅರ್ಥವಾಗಲಿಲ್ಲ. ಲೋಸಾ ತಿಳಿಸಿ ಹೇಳಿದಳು, ದೊಡ್ಡವರಿಗೆ ಗೊತ್ತಿರುವುದನ್ನೇ ಅವರಿಗೆ ನೆನಪಿಸುವ ಮುಜುಗರದಿಂದ. ನಿಮ್ಮ ಮೂವತ್ತಮೂರು ಮೂವತ್ತನಾಲ್ಕನ್ನು ಇಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ ಮಿಸ್ಟರ್ ಲೀಲಾ, ಅದು ಪ್ರತಿ ತಿಂಗಳೂ ಒಂದೇ. ನಮ್ಮ ಅಜ್ಜಂದಿರ ಕಾಲದಿಂದ ನಾವು ಕೇಳುವುದು ನಿಮ್ಮ ಕೆಮ್ಮನ್ನು. ಯಾವ ಖಾನೆಯ ಹೆಸರು ಹೇಳುವ ಮುಂಚೆ ನೀವು ಕೆಮ್ಮುತ್ತೀರೋ ಅದೇ ಆಗುತ್ತದೆ. ಕಡಿಮೆಗೆ ಕೆಮ್ಮಿದರೆ ಟ್ಯಾಂಕಿಗೆ ಬೀಗ, ಹೆಚ್ಚಿಗೆ ಕೆಮ್ಮಿದರೆ ಮದುವೆ. ಎಂದೂ ತಪ್ಪಿದ್ದಿಲ್ಲ. ಹೋದ ವರ್ಷದಿಂದ ಪ್ರತಿ ತಿಂಗಳೂ ನೀವು ಕಡಿಮೆಗೇ ಕೆಮ್ಮುತ್ತಿದ್ದೀರಿ. ನಾವು ಬೀಗ ಹಾಕಿದೆವು, ಬಟ್ಟೆಯನ್ನು ಕಡಲಿನಲ್ಲಿ ಒಗೆದು ಉಪ್ಪಿನಲ್ಲಿ ತುರಿಸಿಕೊಂಡೆವು, ಮದುವೆಗಳನ್ನು ಮುಂದೂಡಿದೆವು. ಮಳೆ ಮಾತ್ರ ಸುರಿಯಿತು. ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ ನಾವು ಬೀಗದ ಕೈ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದೆವು. ಕೊನೆಗೆ ಊರ ಹಿರಿಯರು ಕೂತು ತೀರ್ಮಾನಿಸಿದರು: ಇದು ಬರಗಾಲವಲ್ಲ, ಬರೀ ನೆಗಡಿ. ಈಗ ಎಲ್ಲ ಬೀಗ ತೆಗೆದಿದ್ದೇವೆ. ನಾಳೆಯಿಂದ ಉಳಿದ ಮದುವೆಗಳೆಲ್ಲ ಒಟ್ಟಿಗೆ.

ಶಿವಪ್ರಸಾದ ಕುರ್ಚಿಯ ಕೈ ಹಿಡಿದುಕೊಂಡ. ಅವನು ಕಡಿಮೆಗೇ ಕೆಮ್ಮಿದ್ದಕ್ಕೆ ಕಾರಣವೇನೂ ಇರಲಿಲ್ಲ. ಅದು ಮೊದಲನೆಯ ಖಾನೆ, ಓದು ಶುರುವಾಗುವ ಜಾಗ, ಅಲ್ಲಿ ಕೆಮ್ಮಿದರೆ ಚೆಂಡೆಗೆ ಮೊದಲ ಪೆಟ್ಟು ಬಿದ್ದ ಹಾಗೆ ಲೀಲಾಧರರು ಒಮ್ಮೆಗೇ ಎದ್ದು ನಿಲ್ಲುತ್ತಿದ್ದರು. ಯುಗಾದಿ ಪಾರ್ಟಿಯಲ್ಲಿ ಹೆಚ್ಚು ನಗು ಬಂದದ್ದು ಅಲ್ಲೇ. ಯುಗಾದಿ ಪಾರ್ಟಿಯ ನಗುವಿಗಾಗಿ ಒಂದಿಡೀ ದ್ವೀಪ ವರ್ಷಪೂರ್ತಿ ಉಪ್ಪುನೀರಿನಲ್ಲಿ ತುರಿಸಿಕೊಂಡಿತ್ತು. ಇವತ್ತೀಗ ಖರೆ ಖರೆ ಕಡಿಮೆ ಬರಲಿದೆ. ಕೆಮ್ಮಿದರೆ ನೆಗಡಿ. ಕೆಮ್ಮದಿದ್ದರೆ, ಸದ್ಯ, ವಾಸಿಯಾಯಿತು. ಎರಡರಲ್ಲೂ ನಾಳೆ ಮದುವೆ, ಎರಡರಲ್ಲೂ ಟ್ಯಾಂಕು ಖಾಲಿ. ಮತ್ತು ಹತ್ತಾರು ವರ್ಷ ಮೀಟಿಂಗಿನಲ್ಲಿ ವಾಡಿಕೆಯೇ ಇರಲಿ ಎಂದು ತಲೆ ತಗ್ಗಿಸಿ ಎದ್ದುಹೋಗಿ, ಈ ಗಾಜಿನ ಕೋಣೆಯಲ್ಲಿ ಕೂತು ಗಂಟಲಿನಲ್ಲಿ ಸತ್ಯ ಹೇಳುತ್ತಿದ್ದ ಆ ಮನುಷ್ಯ. ಅವರ ಎಲ್ಲವನ್ನೂ ತಾನು ಎತ್ತಿಕೊಂಡಿದ್ದೇನೆ ಎಂದುಕೊಂಡಿದ್ದ ಅವನು ಎತ್ತಿಕೊಂಡಿದ್ದು ಬರೀ ಸದ್ದನ್ನು. ಲೋಸಾಳಿಗೆ ಒಂದು ಗಳಿಗೆ ತಡೆ ಎಂದು ಹೇಳಿ ಅವನು ಜೇಬಿನಿಂದ ತನ್ನ ಮೊಬೈಲು ತೆಗೆದು ಲೀಲಾಧರರ ಮನೆಗೆ ಫೋನು ಮಾಡಿದ.

ವಸಂತಿ ಎತ್ತಿಕೊಂಡರು. ಅವನು ಹೆಸರು ಹೇಳಿದ. ಆ ಕಡೆ ಮಿಕ್ಸರಿನ ಸದ್ದು ನಿಂತಿತು.

"ಓ ಶಿವಪ್ರಸಾದರಾ. ಎಂತ, ಅಕ್ಕಿಚೀಲದ ಹಿಂದಿಂದ ಎದ್ದು ಬಂದ್ರಾ?"

ಅವನು ಕ್ಷಮೆ ಕೇಳಲು ಹೋದ, ಆಕೆ ಕೇಳಿಸಿಕೊಳ್ಳಲಿಲ್ಲ. ಇವರು ಇಲ್ಲೇ ಕೂತಿದ್ದಾರೆ, ಕಿವಿಗೆ ವಯರು ಸಿಕ್ಕಿಸಿಕೊಂಡು ನಿಮ್ಮ ಕಾರ್ಯಕ್ರಮಕ್ಕೆ ಕಾಯುತ್ತಿದ್ದಾರೆ, ಪ್ರತಿ ತಿಂಗಳೂ ಕೂರುತ್ತಾರೆ, ನೀವು ಕೆಮ್ಮಿದ ಕೂಡಲೇ ತೊಡೆಗೆ ಹೊಡೆದುಕೊಳ್ಳುತ್ತಾರೆ, ಆ ರಾತ್ರಿ ಗಂಜಿಯೂ ಸೇರುವುದಿಲ್ಲ. ನಾನು ಎಂತ ಅಂದುಕೊಂಡೆ ಹೇಳಿ, ಹುಡುಗ ತಮಾಷೆ ಮಾಡುತ್ತಾನೆ ಅಂತ ಇವರಿಗೆ ಬೇಜಾರು ಅಂದುಕೊಂಡೆ. ಶಿವಪ್ರಸಾದ ಒಂದೇ ಉಸಿರಿನಲ್ಲಿ ವಿಷಯ ಹೇಳಿದ: ಕೆಮ್ಮಿನ ಗುಟ್ಟು ಈಗಷ್ಟೇ ತಿಳಿಯಿತು, ಮಳೆ ಖಂಡಿತ ಬರುವುದಿಲ್ಲ, ಹೇಗೆ ಹೇಳಲಿ ಎಂದು ಅವರನ್ನು ಕೇಳಿ. ಆಕೆ ಫೋನನ್ನು ಪಕ್ಕಕ್ಕೆ ಹಿಡಿದು ತುಳುವಿನಲ್ಲಿ ಏನೋ ಹೇಳಿದರು. ಸ್ಲೇಟಿನ ಮೇಲೆ ಬಳಪ ಗೀಚುವ ಸದ್ದು ಬಂತು. ಬಹಳ ಹೊತ್ತು ಬಂತು.

"ಓದ್ತೇನೆ, ಕೇಳಿ. 'ನಂಗೆ ಬಾಯಿದ್ದಾಗ ಧೈರ್ಯ ಇರ್ಲಿಲ್ಲ, ಹಾಗೆ ಕೆಮ್ಮಿದ್ದು. ನೀನು ಕೆಮ್ಮಬೇಡ. ಬಾಯಿ ಬಿಟ್ಟು ಹೇಳು.' ಇಷ್ಟೇ. ಇಲ್ಲ, ನಿಲ್ಲಿ, ಮತ್ತೆ ಬರೀತಿದ್ದಾರೆ. 'ನನ್ನ ಕೆಮ್ಮು ಅಷ್ಟು ದೊಡ್ಡದಿರ್ಲಿಲ್ಲ' ಅಂತೆ."

ಆಫೀಸಿನ ಫೋನಿನಲ್ಲಿ ಲೋಸಾ ಕಾರ್ಯಕ್ರಮ ಶುರುಮಾಡಿಬಿಟ್ಟಿದ್ದಳು. ಅವಳ ಭಾಷೆಯಲ್ಲಿ ಏನೇನೋ ಹೇಳಿ ಕೊನೆಗೆ ಮಿಸ್ಟರ್ ಲೀಲಾ ಎಂದು ಕರೆದು ಸುಮ್ಮನಾದಳು. ಗಾಜಿನಾಚೆ ಮಾಧುರಿ ಕಾಫಿ ಹಿಡಿದು ನಿಂತಿದ್ದಳು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಅವಳೂ ಕೇಳುತ್ತಾಳೆ. ಶಿವಪ್ರಸಾದ ಬಾಯಿ ತೆರೆದ. ಲೀಲಾಧರರ ದನಿ ಬಾಗಿಲಲ್ಲೇ ಕಾಯುತ್ತಿತ್ತು, ಅದನ್ನು ತಡೆದ. ಅದರ ಹಿಂದಿನಿಂದ ಪ್ರಿನ್ಸಿಪಾಲರು ಬಂದರು, ಅವರನ್ನೂ ತಡೆದ. ಕಲ್ಯಾಣಮಂಟಪದ ಮ್ಯಾನೇಜರು, ಸ್ನೇಹಲಳ ಸೋದರಮಾವ, ಅಪ್ಪ. ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಕಳಿಸುತ್ತ ಹೋದಂತೆ, ಬಾಡಿಗೆದಾರರೆಲ್ಲ ಖಾಲಿ ಮಾಡಿದ ಮನೆಯಲ್ಲಿ ಮಾಲೀಕನು ಯಾವ ಕೋಣೆಯಲ್ಲಿ ಮಲಗಬೇಕೆಂದು ತಿಳಿಯದೆ ನಿಂತ ಹಾಗಾಯಿತು. ರೇಡಿಯೋದಲ್ಲಿ ಇಷ್ಟು ದೀರ್ಘ ಮೌನ ಇರಬಾರದು ಎನ್ನುವುದೊಂದು ಮಾತ್ರ ಅವನಿಗೆ ಹೊಳೆಯುತ್ತಿತ್ತು. ಕೊನೆಗೆ ಹೊರಟದ್ದು ಒಂದು ತೆಳ್ಳಗಿನ, ಅಲ್ಲಲ್ಲಿ ಮುಗ್ಗರಿಸುವ ಹುಬ್ಬಳ್ಳಿ ಇಂಗ್ಲಿಷು. ಬಾಯಿಪಾಠ ಒಪ್ಪಿಸಲು ಎದ್ದು ನಿಂತವನದು. ಮಳೆ ಬರುವುದಿಲ್ಲ, ಎಂದಿತು ಅದು. ಮೂರು ತಿಂಗಳು ತೀರಾ ಕಡಿಮೆ. ಟ್ಯಾಂಕು ಮುಚ್ಚಿ. ನಾನು ಲೀಲಾಧರ ಅಲ್ಲ. ಅವರ ದನಿ ಹೋಗಿದೆ. ಹೋದ ವರ್ಷದಿಂದ ಅವರ ಹಾಗೆ ಮಾತಾಡುತ್ತಿದ್ದವನು ನಾನು. ಕೆಮ್ಮಿದ್ದೂ ನಾನೇ. ಅದಕ್ಕೆ ಅರ್ಥವಿರಲಿಲ್ಲ.

ಗಾಜಿನಾಚೆ ಮಾಧುರಿಯ ಕಾಫಿ ಬಾಯಿಯ ಹತ್ತಿರ ಬಂದು ನಿಂತಿತು.

ಲೋಸಾ ಅದನ್ನೆಲ್ಲ ತನ್ನ ಭಾಷೆಗೆ ತಿರುಗಿಸಿ ಹೇಳಿದಳು. ಅವನು ನಾಲ್ಕು ಮಾತಿನಲ್ಲಿ ಮುಗಿಸಿದ್ದು ಆ ಭಾಷೆಯಲ್ಲಿ ಬಹಳ ಉದ್ದವಾಯಿತು. ಅವನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಬಂದದ್ದು ಒಂದು ಪ್ರಶ್ನೆ. ಅರ್ಥವಿಲ್ಲದಿದ್ದರೆ ಯಾಕೆ ಕೆಮ್ಮಿದಿರಿ ಎಂದು ಲೋಸಾ ಕೇಳಿದಳು. ಅವರ ಹಾಗೆಯೇ ಕೇಳಿಸಲಿ ಎಂದು, ಎಂದ. ಅದನ್ನೂ ತಿರುಗಿಸಿ ಹೇಳಿದಳು. ಸ್ಟುಡಿಯೋದಲ್ಲಿ ಯಾರೋ ನಕ್ಕರು, ಇನ್ನೊಬ್ಬರು ನಕ್ಕರು, ಕುರ್ಚಿ ಬಿದ್ದ ಸದ್ದಾಯಿತು. ಫೋನುಗಳು ಬರತೊಡಗಿದವು. ಮೊದಲು ಕರೆ ಮಾಡಿದ ಹೆಂಗಸು ಮಳೆಯ ಮಾತೇ ಎತ್ತಲಿಲ್ಲ. ಮಿಸ್ಟರ್ ಲೀಲಾರ ದನಿಯಲ್ಲಿ ನನ್ನ ಮಗಳ ಮದುವೆಗೆ ಶುಭಾಶಯ ಹೇಳುತ್ತೀರಾ ಎಂದಳು. ಎರಡನೆಯವನು ಆ ಕೆಮ್ಮನ್ನು ಇನ್ನೊಮ್ಮೆ ಕೇಳಬೇಕೆಂದ. ಶಿವಪ್ರಸಾದ ತನ್ನ ತೆಳ್ಳನೆ ದನಿಯಲ್ಲಿ ಮಳೆ ಬರುವುದಿಲ್ಲ, ಟ್ಯಾಂಕು ಮುಚ್ಚಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಅವರು ನಡುವೆ ಬರುವ ಜಾಹೀರಾತು ಮುಗಿಯಲೆಂದು ಕಾಯುವವರ ಹಾಗೆ ಮರ್ಯಾದೆಯಿಂದ ಸುಮ್ಮನಿದ್ದು, ಮುಗಿದ ಮೇಲೆ ಮತ್ತೆ ಕೇಳುತ್ತಿದ್ದರು. ಅವನು ಚಿಕ್ಕವನಿದ್ದಾಗ ಧಾರವಾಡ ಆಕಾಶವಾಣಿಯಲ್ಲಿ ಭಾನುವಾರ ಶ್ರೋತೃಗಳ ಕೋರಿಕೆ ಬರುತ್ತಿತ್ತು. ಒಂದೇ ಹಾಡನ್ನು ಬಯಸಿದ ಇಳಕಲ್ಲಿನವರ, ನರಗುಂದದವರ, ರೋಣದವರ ಹೆಸರುಗಳನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ಹಾಡಿಗೆ ವೇಳೆಯೇ ಉಳಿಯುತ್ತಿರಲಿಲ್ಲ, ಮನೆಯಲ್ಲಿ ಅಪ್ಪ ರೇಡಿಯೋದ ತಲೆಗೊಂದು ಬಡಿಯುತ್ತಿದ್ದ. ತನ್ನ ದನಿ ತನಗೆ ಸಿಕ್ಕಿತ್ತು, ಅದನ್ನು ಕೇಳಿಸಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ನಾಳೆ ಇವರು ಟ್ಯಾಂಕಿನ ನೀರಿನಲ್ಲಿ ಮದುವೆಯ ಅಡುಗೆ ಮಾಡಿ, ಊರನ್ನೆಲ್ಲ ಮೀಯಿಸಿ, ತನ್ನ ಕೆಮ್ಮನ್ನು ನೆನೆದು ನಗುತ್ತಾರೆ. ಆಮೇಲೆ ಹಡಗು ಬರುತ್ತದೆ, ಮಕ್ಕಳನ್ನು ಹತ್ತಿಸಿಕೊಳ್ಳಲು.

ಆಗ ಒಬ್ಬ ಮುದುಕ ಲೈನಿಗೆ ಬಂದ. ಊರ ಹಿರಿಯ, ನೆಗಡಿಯ ತೀರ್ಮಾನ ಕೊಟ್ಟವನು ಎಂದು ಲೋಸಾ ಪಿಸುಗುಟ್ಟಿದಳು. ಅವನು ನಗಲಿಲ್ಲ. ನಿಧಾನವಾಗಿ, ಒಂದೊಂದೇ ಇಂಗ್ಲಿಷ್ ಶಬ್ದವನ್ನು ಒರೆಸಿ ಇಡುತ್ತ ಮಾತಾಡಿದ.

"ಹುಡುಗಾ, ನೀನು ಹೇಳಿದ್ದು ಕೇಳಿಸಿತು. ಸತ್ಯವೇ ಇರಬೇಕು. ಆದರೆ ನಿನ್ನ ದನಿ ನನಗೆ ಪರಿಚಯವಿಲ್ಲ, ಪರಿಚಯವಿಲ್ಲದವನು ಹೇಳಿದನೆಂದು ನಾನು ಹೋಗಿ ಮದುವೆ ನಿಲ್ಲಿಸಲಾರೆ. ಅದನ್ನೇ ಒಮ್ಮೆ ಲೀಲಾನ ದನಿಯಲ್ಲಿ ಹೇಳಿಬಿಡು."

ನಾನು ಲೀಲಾಧರ ಅಲ್ಲ ಎಂದು ಈಗ ತಾನೇ ಹೇಳಿದೆನಲ್ಲ, ಎಂದ ಶಿವಪ್ರಸಾದ.

"ಅಲ್ಲ ಎಂದು ನಮಗೆ ತಿಳಿಯಿತಲ್ಲ. ಇನ್ನು ಮೋಸವೆಲ್ಲಿ ಬಂತು. ಹೇಳು."

ಮೊಬೈಲಿನಲ್ಲಿ ವಸಂತಿ ಇನ್ನೂ ಇದ್ದರು. ಅದನ್ನು ಕಿವಿಗಿಟ್ಟುಕೊಂಡ. ಬಳಪದ ಸದ್ದು ಇರಲಿಲ್ಲ. ತಲೆ ಆಡಿಸ್ತಿದ್ದಾರೆ, ಎಂದರು ವಸಂತಿ. ಹೌದಂತಲೋ ಇಲ್ಲಂತಲೋ, ಎಂದು ಅವನು ಕೇಳಿದ. ಹೌದು ಅಂತ ಮಾರಾಯ್ರೆ, ಬೇಗ ಹೇಳಿ, ಎಂದರು.

ಅವನು ಹೇಳಿದ. ಲೀಲಾಧರರ ದನಿ ಬಂತು, ಉಡುಪಿಯ ಇಳಿಜಾರು, ಮಾತಿನ ತುದಿಗೆ ಸಿಕ್ಕಿಸುವ ಆ ಸಣ್ಣ ತೂಗು ಎಲ್ಲವೂ ಬಂತು, ಕೆಮ್ಮು ಬರಲಿಲ್ಲ. ಅಂಕಿಗಳನ್ನೂ ಹೇಳಲಿಲ್ಲ. ಲೀಲಾಧರರು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಮಾತನ್ನು ಲೀಲಾಧರರ ಬಾಯಿಂದ ಆಡಿದ: ಈ ಸಲ ಮಳೆ ಇಲ್ಲ, ಇರುವ ನೀರನ್ನು ಮುಚ್ಚಿ ಇಡಿ. ಹೇಳುವಾಗ, ಇದನ್ನು ಅವರು ಹೇಳಿದ್ದರೆ ಹೇಗೆ ಹೇಳುತ್ತಿದ್ದರು ಎಂದು ತಿಳಿಯಲು ಯಾವ ಗುರುತೂ ಇಲ್ಲದ ಕತ್ತಲೆಯಲ್ಲಿ ಅವನು ಒಂದೊಂದೇ ಶಬ್ದವನ್ನು ತಡವಿ ಇಡಬೇಕಾಯಿತು. ಮುದುಕ, ಹಾಂ, ಈಗ ಆಯಿತು ಎಂದು ಫೋನಿಟ್ಟ. ಅಷ್ಟಕ್ಕೇ ಬಿಡಲಿಲ್ಲ. ಉತ್ತರದ ದಂಡೆಯವರು ತಮಗೊಂದು ಸಲ ಬೇರೆಯಾಗಿ ಹೇಳಬೇಕೆಂದರು, ಶಾಲೆಯವರು ತಮಗೆ ಬೇರೆ, ಮದುವೆಯ ಮಗಳ ತಾಯಿ ಮತ್ತೆ ಬಂದು, ಹಾಗಾದರೆ ಶುಭಾಶಯ ಬೇಡ, ಮಳೆ ಬರುವುದಿಲ್ಲ ಎನ್ನುವುದನ್ನೇ ಬೀಗರ ಹೆಸರು ಹಿಡಿದು ಹೇಳಿ ಎಂದಳು. ಅವನು ಎಲ್ಲರಿಗೂ ಹೇಳಿದ.

ಗಾಜಿನ ಬಾಗಿಲು ತಳ್ಳಿಕೊಂಡು ಮಾಧುರಿ ಒಳಗೆ ಬಂದಳು. ಅವಳ ಮುಖದಲ್ಲಿ ಇದ್ದದ್ದು ಸಿಟ್ಟೋ ನಗುವೋ ಅವಳಿಗೇ ಇನ್ನೂ ಗೊತ್ತಾದ ಹಾಗಿರಲಿಲ್ಲ. ನಾಳೆಯಿಂದ ನೀವು ಬರೋದು ಬೇಡ ಶಿವು, ಅಂತ ಹೇಳ್ಬೇಕು ನಾನು, ಎಂದಳು. ಹೇಳಿ, ಎಂದ. ಅವಳು ಹೇಳದೆ ಮೀಟಿಂಗಿನ ಮೇಜಿನ ಬಳಿಯಿದ್ದ ಲೀಲಾಧರರ ಖಾಲಿ ಕುರ್ಚಿಯನ್ನು ಒಳಗೆ ಎಳೆದುಕೊಂ­ಡು ಕೂತಳು. ಅವನು ತುಟಿಯ ಮೇಲೆ ಬೆರಳಿಟ್ಟು ಆಫೀಸಿನ ಫೋನನ್ನು ಸ್ಪೀಕರಿಗೆ ಹಾಕಿದ. ಲೋಸಾ ಕಿಟಕಿ ತೆಗೆದಿದ್ದಳು. ಮೊದಲು ಹತ್ತಿರದಲ್ಲೆಲ್ಲೋ, ತಗಡಿನ ಮುಚ್ಚಳವೊಂದು ಟ್ಯಾಂಕಿನ ಬಾಯಿಗೆ ಬಿದ್ದ ಸದ್ದು. ಸ್ವಲ್ಪ ದೂರದಲ್ಲಿ ಇನ್ನೊಂದು. ಆಮೇಲೆ ರಸ್ತೆಯ ಆಚೆ, ಈಚೆ, ದಂಡೆಯ ಕಡೆ, ಒಂದರ ಹಿಂದೊಂದು, ಒಂದರ ಮೇಲೊಂದು, ಹತ್ತಿರದ್ದು ದಪ್ಪಗೆ, ದೂರದ್ದು ಸಣ್ಣಗೆ, ಎಲ್ಲಿಯೂ ತಾಳವಿಲ್ಲದೆ. ಶಿವಪ್ರಸಾದ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಆ ಸದ್ದನ್ನು ತೆಗೆಯಲು ನೋಡಿದ. ಬರಲಿಲ್ಲ. ಹಲ್ಲಿನ ಹಿಂದೆ ಒತ್ತಿ ನೋಡಿದ, ಅಲ್ಲಿಯೂ ಬರಲಿಲ್ಲ. ಬಾಯಿ ಮುಚ್ಚಿಕೊಂಡು ಕೇಳುತ್ತ ಕೂತ.